ಬೇಳೆ ಮಿಲ್ಲಿನ ಲೆಕ್ಕಕ್ಕೆ ಟೇಬಲ್ ಸಾಕಾ, ಚಾರ್ಟ್ ಬೇಕಾ?

ಕಲಬುರಗಿಯ ಒಂದು ಬೇಳೆ ಮಿಲ್ಲಿನಲ್ಲಿ ನಾನು ಲೆಕ್ಕ ನೋಡುತ್ತೇನೆ. ಸಾವ್ಕಾರರಿಗೆ ತಿಂಗಳ ವರದಿಯಲ್ಲಿ ಬೇಕಾದದ್ದು ಮೂರೇ: ಯಾವ ಊರಿಗೆ ಎಷ್ಟು ಬೇಳೆ ಹೋಯಿತು, ತೊಗರಿ ರೇಟು ಎತ್ತ ಹೊರಟಿದೆ, ಯಾರ ಹತ್ತಿರ ಎಷ್ಟು ಬಾಕಿ. ಇವನ್ನೇ ಬೇರೆ ಬೇರೆ ಥರ ಮಾಡಿ ಕೊಟ್ಟು ನೋಡಿದೆ.

ಪೈ ಚಾರ್ಟ್ (ರೊಟ್ಟಿ ತುಂಡು ಮಾಡಿದಂಥ ದುಂಡು ಚಿತ್ರ) ನೋಡಲು ಚೆಂದ, ಅಷ್ಟೇ. ಹೈದರಾಬಾದ್, ಬೆಂಗಳೂರು, ಚೆನ್ನೈ, ಸೋಲಾಪುರ ಅಂತ ತುಂಬಾ ತುಂಡು ಬಂದವು. ಸಾವ್ಕಾರರು ಕನ್ನಡಕ ಏರಿಸಿ, "ಇದರಾಗ ಹೈದ್ರಾಬಾದ್ ದೊಡ್ಡದೋ ಚೆನ್ನೈ ದೊಡ್ಡದೋ? ನೀವೇ ಹೇಳ್ರಿ" ಅಂದರು. ಒಂದು 18%, ಇನ್ನೊಂದು 21%. ಕಣ್ಣಿಗೆ ಎರಡೂ ಒಂದೇ! ಪೈ ತುಂಡುಗಳ ಕೋನಕ್ಕಿಂತ ಬಾರ್‌ಗಳನ್ನು (ಸಾಲಾಗಿ ಜೋಡಿಸಿದ ಪಟ್ಟಿಗಳನ್ನು) ಹೋಲಿಸುವಾಗ ನಮ್ಮ ಅಂದಾಜು ಹೆಚ್ಚು ಸರಿಯಿರುತ್ತದೆ ಅಂತ ಸಂಖ್ಯಾಶಾಸ್ತ್ರಜ್ಞರಾದ ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ 1984ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಮೇಲಾಗಿ ನಮ್ಮದು ಕಪ್ಪು-ಬಿಳುಪು ಪ್ರಿಂಟರ್. ಕೆಂಪು, ಹಸಿರು ಎಲ್ಲ ಬೂದಿ ಬಣ್ಣವೇ.

ಅದೇ ಅಂಕಿಗಳನ್ನು ಅಡ್ಡ ಬಾರ್ ಮಾಡಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಕೊಟ್ಟೆ. ಪ್ರಶ್ನೆಯೇ ಬರಲಿಲ್ಲ. ಅಡ್ಡ ಬಾರ್ ಯಾಕೆ ಅಂದ್ರೆ, ಊರಿನ ಹೆಸರು ಉದ್ದ ಇದ್ದರೂ ಓರೆ ಮಾಡದೆ ಹಿಡಿಸುತ್ತದೆ. ಅಕ್ಷ ಮಾತ್ರ ಸೊನ್ನೆಯಿಂದಲೇ ಶುರುವಾಗಬೇಕು. ಎಕ್ಸೆಲ್‌ಗೆ ಬಿಟ್ಟರೆ ಕೆಲವು ಸಲ ನಡುವಿನಿಂದ ಶುರು ಮಾಡಿ, ಸಣ್ಣ ವ್ಯತ್ಯಾಸವನ್ನು ಗುಡ್ಡ ಮಾಡಿ ತೋರಿಸುತ್ತದೆ. ಅಕ್ಷದ ಡಿಸ್‌ಪ್ಲೇ ಯೂನಿಟ್‌ನಲ್ಲಿ 1,00,000 ಆಯ್ದುಕೊಂಡು 'ಲಕ್ಷ ರೂ.' ಅಂತ ಬರೆದುಬಿಟ್ಟರೆ ಸೊನ್ನೆ ಎಣಿಸುವ ಕೆಲಸವೂ ಇಲ್ಲ.

ರೇಟಿಗೆ ಲೈನ್ ಚಾರ್ಟ್, ಬೇರೆ ಯೋಚನೆಯೇ ಬೇಡ. ಹೋದ ವರ್ಷದ ಗೆರೆಯನ್ನೂ ಅದರ ಮೇಲೇ ಹಾಕಿ. ಹೊಸ ತೊಗರಿ ಗಂಜ್ ಮಾರುಕಟ್ಟೆಗೆ ಬರುವ ಡಿಸೆಂಬರ್, ಜನವರಿಯಲ್ಲಿ ಏನಾಯಿತು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಬಾಕಿಗೆ ಬಂದಾಗ ಚಾರ್ಟೆಲ್ಲ ಸೋತವು. ಫೋನ್ ಕೈಯಲ್ಲಿ ಹಿಡಿದು ವಸೂಲಿಗೆ ಕೂತವರಿಗೆ ಪಾರ್ಟಿ ಹೆಸರು, ಮೊತ್ತ, ಎಷ್ಟು ದಿನದ ಬಾಕಿ, ಇಷ್ಟು ಬೇಕು. ಅದಕ್ಕೆ ಟೇಬಲ್ಲೇ ಸರಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ನಾಲ್ಕು ಕಾಲಂ ಮೀರಬೇಡಿ, ಮೊಬೈಲಲ್ಲಿ ಓದಲಾಗುವುದಿಲ್ಲ.

ಇನ್ನು ಈ ಮೊತ್ತಗಳನ್ನು ತೆಗೆಯುವುದು ಹೇಗೆ? ಸಮ್‌ಇಫ್ಸ್ ಸೂತ್ರವೂ (ಹೇಳಿದ ಹೆಸರಿನ ಸಾಲುಗಳನ್ನಷ್ಟೇ ಕೂಡಿಸುತ್ತದೆ) ಆಗುತ್ತದೆ, ಪಿವಟ್ ಟೇಬಲ್ಲೂ (ಪಟ್ಟಿಯಲ್ಲಿರುವ ಪ್ರತಿ ಹೆಸರಿಗೂ ತಾನೇ ಮೊತ್ತ ಹಾಕಿಕೊಡುತ್ತದೆ) ಆಗುತ್ತದೆ. ನನ್ನ ಓಟು ಪಿವಟ್‌ಗೆ. ಯಾಕೆ ಅಂದ್ರೆ, ನಮ್ಮ ಊರಿನ ಹೆಸರು ಗುಲ್ಬರ್ಗಾ ಹೋಗಿ ಕಲಬುರಗಿ ಆಗಿದ್ದು 2014ರಲ್ಲಿ. ನಮ್ಮ ಬಿಲ್ಲುಗಳಲ್ಲಿ ಇವತ್ತಿಗೂ ಅರ್ಧ ಗುಲ್ಬರ್ಗಾ, ಅರ್ಧ ಕಲಬುರಗಿ! ಕಲಬುರಗಿ ಅಂತ ಸಮ್‌ಇಫ್ಸ್ ಹಾಕಿದರೆ ಗುಲ್ಬರ್ಗಾದ ಮಾರಾಟ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಪಿವಟ್‌ನಲ್ಲಿ ಎರಡೂ ಬೇರೆ ಬೇರೆ ಸಾಲಾಗಿ ಎದುರಿಗೇ ಬಂದು ನಿಲ್ಲುತ್ತವೆ, ಸರಿಮಾಡಿಕೊಳ್ಳಬಹುದು.

ಎಕ್ಸೆಲ್ ಪಿವಟ್‌ದು ಒಂದು ತಕರಾರಿದೆ, ನನ್ನ ಹತ್ತಿರ ಇರುವ ಎಕ್ಸೆಲ್‌ನಲ್ಲಂತೂ. ಹೊಸ ಬಿಲ್ ಸೇರಿಸಿದರೆ ರಿಫ್ರೆಶ್ ಒತ್ತುವ ತನಕ ಹಳೆಯ ಮೊತ್ತವನ್ನೇ ತೋರಿಸುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ತಾನಾಗೇ ಬದಲಾಗುತ್ತದೆ. ಆದರೂ ಮಿಲ್ಲಿನಲ್ಲಿ ನೆಟ್ ಆಗಾಗ ಕೈಕೊಡುವುದರಿಂದ ನಾನು ಎಕ್ಸೆಲ್ ಬಿಟ್ಟಿಲ್ಲ. ಪಿವಟ್ ಆಪ್ಷನ್ಸ್‌ನಲ್ಲಿ ಫೈಲ್ ತೆರೆದಾಗಲೆಲ್ಲ ರಿಫ್ರೆಶ್ ಆಗುವ ಹಾಗೆ ಟಿಕ್ ಹಾಕಿಟ್ಟಿದ್ದೇನೆ.