ಹೆಸರನ್ನು ಹೆಸರಿನವರ ದನಿಯಲ್ಲೇ ಕೇಳಿಸುವ ನೇಮ್‌ಕೋಚ್: ಒಂದು ವಿಮರ್ಶೆ

ನೇಮ್‌ಕೋಚ್ ಎಂಬ ಸೇವೆ ಮಾಡುವ ಕೆಲಸ ಮೇಲ್ನೋಟಕ್ಕೆ ಬಹಳ ಸಣ್ಣದು. ವಿದ್ಯಾರ್ಥಿಗಳು ತಮ್ಮ ಹೆಸರನ್ನು ತಾವೇ ಹೇಳಿ ಧ್ವನಿಮುದ್ರಿಸಿಡುತ್ತಾರೆ. ಕ್ಯಾನ್‌ವಾಸ್, ಬ್ಲ್ಯಾಕ್‌ಬೋರ್ಡ್‌ಗಳಂಥ ಕಲಿಕಾ ತಾಣಗಳಲ್ಲಿ ತರಗತಿಯ ಪಟ್ಟಿಯನ್ನು ತೆರೆದಾಗ ಆ ಹೆಸರಿನ ಪಕ್ಕದಲ್ಲೊಂದು ಗುಂಡಿ ಕಾಣಿಸುತ್ತದೆ, ಅದನ್ನು ಒತ್ತಿದರೆ ಹೆಸರು ಕೇಳಿಸುತ್ತದೆ. ಅಮೆರಿಕದ ಕಾಲೇಜೊಂದರಲ್ಲಿ ಪಾಠ ಮಾಡುವ ನಾನು ಕೆಲವು ಸೆಮಿಸ್ಟರ್‌ಗಳಿಂದ ಇದನ್ನು ಬಳಸುತ್ತಿದ್ದೇನೆ. ಇಲ್ಲಿಗೆ ಮಕ್ಕಳನ್ನು ಓದಲು ಕಳುಹಿಸುವ ಕನ್ನಡ ಕುಟುಂಬಗಳಿಗೆ ಇದರ ಗುಣದೋಷಗಳು ತಿಳಿದಿರಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಸೇವೆಯನ್ನು ಸ್ಥಾಪಿಸಿದವರು ಪ್ರವೀಣ್ ಶಾನಭಾಗ್. ಅವರ ಸಹೋದರಿಯ ಪದವಿ ಪ್ರದಾನ ಸಮಾರಂಭದಲ್ಲಿ ವೇದಿಕೆಯಿಂದ ಆಕೆಯ ಹೆಸರನ್ನು ತಪ್ಪಾಗಿ ಕೂಗಿದ ಪ್ರಸಂಗವೇ ಈ ಯೋಚನೆಗೆ ಮೂಲ. ನಮ್ಮ ಕರಾವಳಿಯವರಿಗೂ ಉತ್ತರ ಕನ್ನಡದವರಿಗೂ ಚಿರಪರಿಚಿತವಾದ ಆ ಅಡ್ಡಹೆಸರನ್ನು ನೋಡಿದಾಗ ನನಗೆ ಹೆಮ್ಮೆಯೆನಿಸಿತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಇಂದು ಪದವಿ ಸಮಾರಂಭದಲ್ಲಿ ಹೆಸರು ಓದುವವರೂ ಮುಂಚಿತವಾಗಿ ಕೇಳಿ ಅಭ್ಯಾಸ ಮಾಡಿಕೊಳ್ಳಲು ಇದೇ ಸೇವೆಯನ್ನು ಬಳಸುತ್ತಾರೆ.

ನಮ್ಮ ಹೆಸರುಗಳಿಗೆ ಇದರಿಂದ ಆಗುವ ಉಪಕಾರ ದೊಡ್ಡದು. ರೋಮನ್ ಲಿಪಿಯಲ್ಲಿ ಬರೆದಕೂಡಲೇ ಹ್ರಸ್ವ ದೀರ್ಘಗಳು, ಲಕಾರ ಳಕಾರಗಳು, ನಕಾರ ಣಕಾರಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ದಕ್ಷಿಣದವರಾದ ನಾವು ಲತಾ, ಕವಿತಾ, ಕಾರ್ತಿಕ್ ಎಂಬ ಹೆಸರುಗಳ ತಕಾರಕ್ಕೆ ‘ಟಿ’ ಮತ್ತು ‘ಎಚ್’ ಎಂಬ ಎರಡು ಅಕ್ಷರ ಬಳಸುತ್ತೇವೆ. ಇಲ್ಲಿಯ ಅಧ್ಯಾಪಕರು ಅದನ್ನು ‘ಥಿಂಕ್’ ಎನ್ನುವಾಗ ನಾಲಗೆಯನ್ನು ಹಲ್ಲಿನ ನಡುವೆ ತರುವಂತೆ ತಂದು ಓದುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ, ಅವರ ಭಾಷೆಯಲ್ಲಿ ಆ ಅಕ್ಷರಗಳ ಬೆಲೆಯೇ ಅದು. ಹೆಸರನ್ನು ಬಿಡಿಸಿ ಬರೆದು ತೋರಿಸಲೂ ನೇಮ್‌ಕೋಚ್‌ನಲ್ಲಿ ಜಾಗವಿದೆ, ಆದರೆ ಎಷ್ಟೇ ಬಿಡಿಸಿ ಬರೆದರೂ ಎರಡು ಸೆಕೆಂಡಿನ ದನಿ ಕಲಿಸುವಷ್ಟನ್ನು ಬರಹ ಕಲಿಸಲಾರದು. ಎಲ್ಲಕ್ಕಿಂತ ಮುಖ್ಯವಾಗಿ, ವಿದ್ಯಾರ್ಥಿಯು ಮೊದಲ ದಿನವೇ ತುಂಬಿದ ತರಗತಿಯಲ್ಲಿ ಎದ್ದುನಿಂತು ಅಧ್ಯಾಪಕರನ್ನು ತಿದ್ದಬೇಕಾದ ಸಂಕಟ ತಪ್ಪುತ್ತದೆ.

ಆದರೆ ಒಂದು ವಿಷಯವನ್ನು ಗಮನಿಸಬೇಕು. ಭಾರತದಿಂದ ಬಂದ ಅನೇಕ ವಿದ್ಯಾರ್ಥಿಗಳು ಮುದ್ರಿಸುವ ಹೊತ್ತಿಗೇ ತಮ್ಮ ಹೆಸರನ್ನು ಬಗ್ಗಿಸಿಬಿಟ್ಟಿರುತ್ತಾರೆ. ಕಳೆದ ಸೆಮಿಸ್ಟರಿನಲ್ಲಿ ಕನ್ನಡದ ಹುಡುಗನೊಬ್ಬನ ಮುದ್ರಣವನ್ನು ಕೇಳಿದಾಗ, ಅಮೆರಿಕನ್ನರು ಹೇಗೆ ಕರೆಯಬಹುದೆಂದು ಅವನು ಊಹಿಸಿದ್ದನೋ ಹಾಗೆಯೇ, ಮೊದಲ ಸ್ವರವನ್ನು ಎಳೆದು ತಕಾರವನ್ನು ಟಕಾರ ಮಾಡಿ ಹೇಳಿದ್ದ. ಮನೆಯಲ್ಲಿ ನಿಮ್ಮನ್ನು ಹೀಗೆಯೇ ಕರೆಯುತ್ತಾರೆಯೇ ಎಂದು ವಿಚಾರಿಸಿದೆ. ಮರುದಿನ ಪಟ್ಟಿಯಲ್ಲಿ ಹೊಸ ಮುದ್ರಣವಿತ್ತು: ಮೊದಲು ನಿಧಾನವಾಗಿ, ಆಮೇಲೆ ಸಹಜ ವೇಗದಲ್ಲಿ, ಹೀಗೆ ಎರಡು ಬಾರಿ ಹೇಳಿದ್ದ. ಮೊದಲಿನದನ್ನೇ ಉಳಿಸಿಕೊಂಡಿದ್ದರೂ ಅದು ಅವನ ಆಯ್ಕೆಯಾಗಿರುತ್ತಿತ್ತು, ನಾನು ಹಾಗೆಯೇ ಕರೆಯುತ್ತಿದ್ದೆ. ಆದರೆ ಬೇರೆಯವರಿಗೆ ತೊಂದರೆಯಾಗದಿರಲಿ ಎಂದು ಹುಡುಗರು ತಮ್ಮ ಹೆಸರನ್ನು ಮುರಿದುಕೊಳ್ಳುವುದನ್ನು ನೋಡಿ ಸುಮ್ಮನಿರಲು ನನಗೆ ಆಗುವುದಿಲ್ಲ.

ನೇಮ್‌ಕೋಚ್‌ನಿಂದ ಬಗೆಹರಿಯದ ತೊಡಕೊಂದು ನಮ್ಮವರನ್ನೇ ಹೆಚ್ಚಾಗಿ ಕಾಡುತ್ತದೆ. ಊರಿನ ಹೆಸರು, ತಂದೆಯ ಹೆಸರುಗಳನ್ನು ಇನಿಷಿಯಲ್ ಆಗಿ ಇಟ್ಟುಕೊಂಡು ಒಂದೇ ಹೆಸರಿನಲ್ಲಿ ಬದುಕುವವರು ಕರ್ನಾಟಕದಲ್ಲಿ ಅಸಂಖ್ಯ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಅಡ್ಡಹೆಸರಿನ ಜಾಗಕ್ಕೆ ಸರಿದು, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ತಿಳಿದಿಲ್ಲ, ಎಂದು ನಮೂದಾಗುತ್ತದೆ. ಆ ದಾಖಲೆಯೇ ಕಾಲೇಜಿಗೆ ಬಂದರೆ ಅಧ್ಯಾಪಕರು ‘ಫ್ನೂ’ ಎಂದು ಹಾಜರಿ ಕೂಗುತ್ತಾರೆ. ಇನಿಷಿಯಲ್ ಬಿಡಿಸಿ ಬರೆಸಿದವರಿಗೆ ಬೇರೊಂದು ಕಷ್ಟ, ಅವರನ್ನು ತಂದೆಯ ಹೆಸರಿನಿಂದಲೋ ಊರಿನ ಹೆಸರಿನಿಂದಲೋ ಕರೆಯುತ್ತಾರೆ. ನೇಮ್‌ಕೋಚ್ ಸರಿಯಾದ ದನಿಯನ್ನು ಕೊಡಬಲ್ಲದೇ ಹೊರತು ದಾಖಲೆಯನ್ನು ತಿದ್ದಲಾರದು. ಅದಕ್ಕೆ ಕಾಲೇಜಿನ ರಿಜಿಸ್ಟ್ರಾರ್ ಕಚೇರಿಯಲ್ಲಿ ಕರೆಯುವ ಹೆಸರನ್ನು ಪ್ರತ್ಯೇಕವಾಗಿ ದಾಖಲಿಸಬೇಕು.

ಇನ್ನೊಂದು ಮಿತಿ ಸಹಪಾಠಿಗಳಿಗೆ ಸಂಬಂಧಿಸಿದ್ದು. ನಮ್ಮಲ್ಲಿ ವಿದ್ಯಾರ್ಥಿಗಳು ಪರಸ್ಪರರ ಮುದ್ರಣಗಳನ್ನು ಕೇಳಬಹುದು, ಆದರೆ ಯಾರೂ ಹೇಳದಿದ್ದರೆ ಕೇಳುವವರು ವಿರಳ. ಆದ್ದರಿಂದ ಮೊದಲ ವಾರದಲ್ಲೇ ಗುಂಪುಗಳನ್ನು ಮಾಡಿ, ಗುಂಪಿನ ಎಲ್ಲರ ಹೆಸರನ್ನು ಕೇಳಿಕೊಂಡು ಬರುವುದನ್ನೇ ಮನೆಗೆಲಸವಾಗಿ ಕೊಡುತ್ತೇನೆ. ಚರ್ಚೆಯಲ್ಲಿ ‘ಅವರು ಹೇಳಿದಂತೆ’ ಎನ್ನುವ ಬದಲು ಹೆಸರು ಹಿಡಿದು ಹೇಳಬೇಕೆಂಬುದು ನಮ್ಮ ತರಗತಿಯ ನಿಯಮ. ದಪ್ಪ ಕಾಗದವನ್ನು ಮಡಚಿ ಹೆಸರು ಬರೆದು ಮೇಜಿನ ಮೇಲೆ ನಿಲ್ಲಿಸುವ ಹಳೆಯ ಪದ್ಧತಿಯನ್ನೂ ಬಿಟ್ಟಿಲ್ಲ, ಏಕೆಂದರೆ ಕೇಳಿದ ಹೆಸರಿಗೂ ಎದುರಿಗಿರುವ ಮುಖಕ್ಕೂ ನಂಟು ಬೆಳೆಯುವುದು ಅಲ್ಲಿಯೇ. ಅಧ್ಯಾಪಕರು ಹೆಸರನ್ನು ತಪ್ಪಾಗಿ ಕರೆಯುವುದು, ತಮಗೆ ಅನುಕೂಲವಾಗುವಂತೆ ಬದಲಿಸುವುದು ಮಕ್ಕಳ ಮನಸ್ಸಿನ ಮೇಲೆ ಮಾಡುವ ಗಾಯವನ್ನು ರೀಟಾ ಕೋಹ್ಲಿ ಮತ್ತು ಡೇನಿಯಲ್ ಸೊಲೊರ್ಸಾನೊ 2012ರ ತಮ್ಮ ಪ್ರಬಂಧದಲ್ಲಿ ವಿವರವಾಗಿ ದಾಖಲಿಸಿದ್ದಾರೆ. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿರುವ ಕ್ಯಾಲಿಫೋರ್ನಿಯದ ಸಾಂಟಾ ಕ್ಲಾರಾ ಕೌಂಟಿಯ ಶಿಕ್ಷಣ ಕಚೇರಿ ಹೆಸರುಗಳನ್ನು ಗೌರವಿಸುವ ಪ್ರತಿಜ್ಞೆಯ ಆಂದೋಲನವನ್ನೇ ನಡೆಸಿದೆ.

ಧ್ವನಿಮುದ್ರಣವಿಲ್ಲದ ಹೆಸರನ್ನು ಯಂತ್ರವೇ ಊಹಿಸಿ ಉಚ್ಚರಿಸುವ ತಂತ್ರಜ್ಞಾನವೂ ಈಗ ಬಂದಿದೆ. ತರಗತಿಯ ಮಟ್ಟಿಗೆ ನಾನು ಅದನ್ನು ಒಪ್ಪಲಾರೆ. ಹೆಸರು ಹೇಗೆ ಕೇಳಿಸಬೇಕೆಂದು ನಿರ್ಧರಿಸುವ ಹಕ್ಕು ಆ ಹೆಸರಿನವರದು.

ಹಾಜರಿಯನ್ನು ರೋಲ್ ನಂಬರಿನಲ್ಲೇ ಕೂಗಿ ಮುಗಿಸುವ ಕರ್ನಾಟಕದ ಕಾಲೇಜುಗಳಿಗೂ ಈ ಕ್ರಮ ಬೇಕಾಗಿದೆ. ಬೆಂಗಳೂರಿನ ತರಗತಿಗಳಲ್ಲಿ ಮಣಿಪುರ, ಮಿಜೋರಾಂಗಳಿಂದ ಬಂದವರ ಹೆಸರನ್ನು ಸಹಪಾಠಿಗಳು ವರ್ಷವಿಡೀ ಸರಿಯಾಗಿ ಕೇಳಿಯೇ ಇರುವುದಿಲ್ಲ. ಅದಕ್ಕೆ ಚಂದಾ ಕಟ್ಟುವ ಸೇವೆಯೇ ಆಗಬೇಕೆಂದಿಲ್ಲ, ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರತಿಯೊಬ್ಬರೂ ಹಾಕುವ ಒಂದು ಧ್ವನಿ ಸಂದೇಶ ಸಾಕು.

ದೊಡ್ಡ ತರಗತಿಗಳಿರುವ, ನಾನಾ ದೇಶಗಳ ವಿದ್ಯಾರ್ಥಿಗಳು ಸೇರುವ ಕಾಲೇಜುಗಳಿಗೆ ನೇಮ್‌ಕೋಚ್ ಅನ್ನು ಸಂಕೋಚವಿಲ್ಲದೆ ಶಿಫಾರಸು ಮಾಡುತ್ತೇನೆ. ಈ ವರ್ಷ ಹೊರಡುವ ವಿದ್ಯಾರ್ಥಿಗಳು ತಮ್ಮ ಕಾಲೇಜಿನಲ್ಲಿ ಈ ಸೌಲಭ್ಯವಿದೆಯೇ ಎಂದು ವಿಚಾರಿಸಿ, ಇದ್ದರೆ ತರಗತಿಗಳು ಆರಂಭವಾಗುವ ಮೊದಲೇ, ಸದ್ದಿಲ್ಲದ ಕೋಣೆಯಲ್ಲಿ ಕುಳಿತು, ಮನೆಯಲ್ಲಿ ಕರೆಯುವ ಹಾಗೆಯೇ ಹೆಸರನ್ನು ಮುದ್ರಿಸಿಡಲಿ.