ಉಡುಪಿನ ಕೊಕ್ಕೆಯೋ, ಕತ್ತಿಪಟ್ಟಿಯ ಕೊಕ್ಕೆಯೋ?

ಇಂಗ್ಲೆಂಡಿನ ಉತ್ತ ಹೊಲಗಳಲ್ಲಿ ಲೋಹಶೋಧಕ ಹಿಡಿದು ನಡೆಯುವವರಿಗೆ 16–17ನೇ ಶತಮಾನದ ಈ ಎರಡೂ ಬಗೆಯ ಲೋಹದ ಕೊಕ್ಕೆಗಳು ಸಿಗುತ್ತವೆ: ಒಂದು ಬಟ್ಟೆ ಸಿಕ್ಕಿಸಲು, ಇನ್ನೊಂದು ಸೊಂಟದ ಪಟ್ಟಿಗೆ ಕತ್ತಿ ತೂಗುಹಾಕಲು. ಮಣ್ಣು ಮೆತ್ತಿರುವಾಗ ಒಂದೇ ಥರ ಕಾಣುತ್ತವೆ.

ಮೊದಲು ತುದಿ ನೋಡಿ. ಉಡುಪಿನ ಕೊಕ್ಕೆ ಬಟ್ಟೆಗೆ ಚುಚ್ಚಿಕೊಳ್ಳಬೇಕು. ಹಾಗಾಗಿ ಮುಳ್ಳಿನಂತೆ ಸಣ್ಣಗಾಗುತ್ತಾ ಹಿಂದಕ್ಕೆ ಬಾಗಿರುತ್ತದೆ. ಕತ್ತಿಪಟ್ಟಿಯದು ಲೋಹದ ಬಳೆಗೆ ಸಿಕ್ಕಿಕೊಂಡು ಕತ್ತಿಯ ಭಾರ ಹೊರಬೇಕು. ಅದು ದಪ್ಪ, ಮೊಂಡು, ಎಷ್ಟೋ ಸಲ ಎಸ್ ಆಕಾರ. ತುದಿ ಮುರಿದಿದ್ದರೆ ಹಿಂಬದಿಯೇ ಗತಿ: ಹೊಲಿಯಲು ಕುಣಿಕೆ ಇದ್ದರೆ ಉಡುಪಿನದು, ಚರ್ಮಕ್ಕೆ ಬಡಿದ ರಿವೆಟ್ ಇಲ್ಲವೇ ಅದರ ತೂತು ಇದ್ದರೆ ಬಹುಮಟ್ಟಿಗೆ ಪಟ್ಟಿಯದು. ಎಲೆಬಳ್ಳಿಯ ಅಲಂಕಾರ ನೋಡಿ ತೀರ್ಮಾನಿಸಬೇಡಿ, ಎರಡರಲ್ಲೂ ಇರುತ್ತದೆ.

ಕಾನೂನಿನಲ್ಲಿ ಲೋಹವೇ ಮುಖ್ಯ. ಕತ್ತಿಪಟ್ಟಿಯವು ಸಾಮಾನ್ಯವಾಗಿ ತಾಮ್ರದ ಮಿಶ್ರಲೋಹ. ಉಡುಪಿನ ಕೊಕ್ಕೆಗಳಲ್ಲಿ ಚಿನ್ನದ ಲೇಪದ ಬೆಳ್ಳಿಯವೂ ಉಂಟು. 300 ವರ್ಷ ದಾಟಿ, ತೂಕದಲ್ಲಿ ಕನಿಷ್ಠ 10% ಬೆಳ್ಳಿ ಅಥವಾ ಚಿನ್ನವಿದ್ದರೆ 1996ರ ಟ್ರೆಷರ್ ಆಕ್ಟ್ ಪ್ರಕಾರ ಅದು ನಿಧಿ. 14 ದಿನದೊಳಗೆ ಕೊರೋನರ್‌ಗೆ (ನಿಧಿಯ ವಿಚಾರಣೆ ನಡೆಸುವ ಅಧಿಕಾರಿ) ವರದಿ ಹೋಗಬೇಕು. ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ ಜಿಲ್ಲೆಯ ಫೈಂಡ್ಸ್ ಲಿಯೇಸನ್ ಆಫೀಸರ್ ನೆರವಾಗುತ್ತಾರೆ. ತಾಮ್ರದ್ದನ್ನೂ ತೋರಿಸಿ, ಸಿಕ್ಕ ಜಾಗದ ನಕ್ಷೆಯ ಗ್ರಿಡ್ ಸಂಖ್ಯೆ ಸಮೇತ.

ದಯವಿಟ್ಟು ಹುಣಸೆಹಣ್ಣು, ನಿಂಬೆರಸ ಮುಟ್ಟಿಸಬೇಡಿ. ದೇವರ ಪಾತ್ರೆಗೆ ಸರಿ, ಇದಕ್ಕಲ್ಲ: ಹಸಿರು ಪದರದ ಜೊತೆ ಕೊಕ್ಕೆಯ ಮೇಲುಳಿದ ತವರ, ಚಿನ್ನದ ಲೇಪವೂ ಹೋಗುತ್ತದೆ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಕ್ಲೋರೈಡ್ (ಉಪ್ಪಿನಂಶ) ಲೋಹವನ್ನು ಒಳಗೆ ತಿನ್ನುತ್ತಿದೆ. ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟು ಸಂರಕ್ಷಣಾ ತಜ್ಞರಿಗೆ ಕೊಡಿ.