ಕಾನ್ಸರ್ಟಾ ಜೆನೆರಿಕ್: ಬಾಟಲಿ ಮೇಲಿನ ಹೆಸರು ನೋಡಿದರೆ ಸಾಲದು

ಅಮೆರಿಕದಲ್ಲಿ ಎಡಿಎಚ್‌ಡಿಗೆ (ಗಮನ ಒಂದೆಡೆ ನಿಲ್ಲದ, ಚಡಪಡಿಕೆಯ ತೊಂದರೆ) ಮಾತ್ರೆ ತೆಗೆದುಕೊಳ್ಳೋ ನಮ್ಮವರಿಗೆ ಈ ವಿಷಯ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ. ನಾನಿರೋದು ಟೆಕ್ಸಾಸ್‌ನಲ್ಲಿ. ಕೆಲವು ವರ್ಷ ಕಾನ್ಸರ್ಟಾ ಅನ್ನೋ ಎಡಿಎಚ್‌ಡಿ ಮಾತ್ರೆ, 36 ಮಿಲಿಗ್ರಾಂನದು, ತೆಗೆದುಕೊಂಡು ನೆಮ್ಮದಿಯಾಗಿದ್ದೆ. ಆಫೀಸಿನ ಇನ್ಶೂರೆನ್ಸ್ ಬದಲಾಯಿತು, ಬ್ರ್ಯಾಂಡ್‌ಗೆ ಕೈಯಿಂದ ಹಾಕೋ ದುಡ್ಡು ಜಾಸ್ತಿಯಾಯಿತು. ಫಾರ್ಮಸಿಯವರು ಸ್ಟಾಕ್‌ನಲ್ಲಿದ್ದ ಜೆನೆರಿಕ್, ಅಂದರೆ ಬೇರೆ ಕಂಪನಿ ಮಾಡಿದ ಅದೇ ಔಷಧಿ, ಕೊಟ್ಟರು.

ಬೆಳಿಗ್ಗೆಯೆಲ್ಲ ಪರವಾಗಿಲ್ಲ. ಊಟ ಮುಗಿದು ಸ್ವಲ್ಪ ಹೊತ್ತಿಗೆ ಔಷಧಿಯ ಪರಿಣಾಮ ಇಳಿದುಹೋಗುತ್ತಿತ್ತು. ನನ್ನದು ಅಕೌಂಟ್ಸ್ ಕೆಲಸ. ತಿಂಗಳ ಕೊನೆಗೆ ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ಹಾಕಲು ಕೂತರೆ ಅದೇ ಸಾಲನ್ನು ಮತ್ತೆ ಮತ್ತೆ ಓದೋದು, ತಲೆಗೇ ಹೋಗದು. ಸಂಜೆ ಮಗಳ ಮೇಲೆ ಸುಮ್ಸುಮ್ನೆ ರೇಗುತ್ತಿದ್ದೆ. ಅದು ತುಂಬಾ ಸಂಕಟ ಕೊಡುತ್ತಿತ್ತು. ಫಾರ್ಮಸಿಯಲ್ಲಿ ಕೇಳಿದರೆ, ಎರಡೂ ಒಂದೇ ಅಂದರು.

ಒಂದೇ ಅಲ್ಲ. ಒಳಗಿನ ಔಷಧಿ ಮೀಥೈಲ್‌ಫೆನಿಡೇಟ್ ಅದೇ, ಮಿಲಿಗ್ರಾಂ ಅದೇ, ಆದರೆ ಅದು ಹೊರಗೆ ಬರೋ ದಾರಿ ಬೇರೆ. ಕಾನ್ಸರ್ಟಾ ಒಂದು ಪುಟ್ಟ ಪಂಪ್ ಇದ್ದ ಹಾಗೆ. ಮೇಲಿನ ಲೇಪ ಮೊದಲು ಕರಗಿ ಸ್ವಲ್ಪ ಔಷಧಿ ಕೊಡುತ್ತದೆ. ಆಮೇಲೆ ಹೊಟ್ಟೆಯ ನೀರು ನಿಧಾನವಾಗಿ ಒಳಗೆ ಇಳಿದು, ಒಂದು ಪದರ ಉಬ್ಬಿ, ಲೇಸರ್‌ನಿಂದ ಕೊರೆದ ಸಣ್ಣ ತೂತಿನಿಂದ ಉಳಿದ ಔಷಧಿಯನ್ನು ದಿನವಿಡೀ ತಳ್ಳುತ್ತದೆ. ಕೆಲವು ಜೆನೆರಿಕ್‌ಗಳಲ್ಲಿ ಈ ಏರ್ಪಾಡೇ ಇರೋದಿಲ್ಲ.

2014ರ ನವೆಂಬರ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಾನ್ಸರ್ಟಾದ ಎರಡು ಜೆನೆರಿಕ್‌ಗಳ ರೇಟಿಂಗನ್ನು ಎಬಿಯಿಂದ (ಬ್ರ್ಯಾಂಡ್ ಬದಲು ಕೊಡಬಹುದು) ಬಿಎಕ್ಸ್‌ಗೆ (ಹಾಗನ್ನಲು ಸಾಕಷ್ಟು ಆಧಾರ ಇಲ್ಲ) ಇಳಿಸಿತ್ತು. ಮಾತ್ರೆ ನುಂಗಿದ 7ರಿಂದ 12 ಗಂಟೆಯ ನಡುವೆ ಔಷಧಿ ನಿಧಾನವಾಗಿ ಬರುತ್ತಿರಬಹುದು ಅನ್ನೋದು ಅವರು ಕೊಟ್ಟ ಕಾರಣ. ನಾನು ಬೆಳಿಗ್ಗೆ ಏಳಕ್ಕೆ ನುಂಗೋದು. ಲೆಕ್ಕ ಹಾಕಿ ನೋಡಿ, ಸರಿಯಾಗಿ ನನ್ನ ಮಧ್ಯಾಹ್ನವೇ ಅಲ್ವಾ! ನನಗೆ ಸಿಕ್ಕಿದ್ದು ಆ ಎರಡರಲ್ಲಿ ಒಂದಲ್ಲ. ಆದರೂ ನನ್ನಂಥವರ ದೂರನ್ನು ಯಾರೋ ಕಿವಿಗೆ ಹಾಕಿಕೊಂಡಿದ್ದಾರೆ ಅಂತ ಓದಿ ಕಣ್ಣು ತುಂಬಿ ಬಂತು.

ಜೆನೆರಿಕ್ ಅಂದರೇ ಕೆಟ್ಟದ್ದು ಅಂತ ದಯವಿಟ್ಟು ತಿಳಿಯಬೇಡಿ. ಶಿವಮೊಗ್ಗದಲ್ಲಿ ಅಪ್ಪ ಬಿಪಿ ಮಾತ್ರೆಯನ್ನು ಜನೌಷಧಿ ಕೇಂದ್ರದಿಂದಲೇ ತರೋದು, ಬಿಪಿ ಚೆನ್ನಾಗಿ ಹತೋಟಿಯಲ್ಲಿದೆ. ನನಗೂ ಕೊನೆಗೆ ದಕ್ಕಿದ್ದು ಜೆನೆರಿಕ್ಕೇ. ಆಥರೈಸ್ಡ್ ಜೆನೆರಿಕ್ ಅಂತ ಒಂದಿದೆ. ಬ್ರ್ಯಾಂಡ್ ಕಂಪನಿಯ ಅದೇ ಮಾತ್ರೆ, ಲೇಬಲ್ ಮಾತ್ರ ಬೇರೆ. ನಾನು ತೆಗೆದುಕೊಂಡದ್ದು ಪೇಟ್ರಿಯಟ್ ಹೆಸರಿನದು. ಮನೆ ಹತ್ತಿರದ ಸಣ್ಣ ಫಾರ್ಮಸಿಯವರು ಎನ್‌ಡಿಸಿ ನಂಬರ್ (ಯಾವ ಕಂಪನಿಯ ಯಾವ ಔಷಧಿ ಅಂತ ಗುರುತಿಸೋ ಸಂಖ್ಯೆ) ಬರೆದುಕೊಂಡು ನನಗಾಗಿ ತರಿಸಿದರು. ಅವರ ಉಪಕಾರ ಮರೆಯೋ ಹಾಗಿಲ್ಲ.

ಈಗ ಮಾತ್ರೆ ತರೋದಕ್ಕೆ ನನ್ನದೇ ಒಂದು ಕ್ರಮ ಇದೆ. ಮೊದಲು ಫೋನ್ ಮಾಡಿ ಯಾವ ಕಂಪನಿಯದು ಇದೆ ಅಂತ ಕೇಳುತ್ತೇನೆ. ಕೌಂಟರ್ ಬಿಡೋ ಮುಂಚೆ ಲೇಬಲ್ ಮೇಲಿನ ಮಾತ್ರೆಯ ವಿವರಣೆ ಓದುತ್ತೇನೆ. ಆಮೇಲೆ ಮುಚ್ಚಳ ತೆಗೆದು ನೋಡುತ್ತೇನೆ. ಬಿಳಿ ಬಣ್ಣ, ಪುಟ್ಟ ಉರುಳೆಯ ಆಕಾರ, ಮೇಲೆ ಕಪ್ಪಕ್ಷರದಲ್ಲಿ 'ಆಲ್ಜಾ 36', ತುದಿಯಲ್ಲಿ ಸೂಜಿಮೊನೆಯಷ್ಟು ತೂತು. ಇದು ಶೆಡ್ಯೂಲ್ 2 ಔಷಧಿ, ಅಂದರೆ ಸರ್ಕಾರ ಬಿಗಿ ಹತೋಟಿಯಲ್ಲಿಟ್ಟದ್ದು, ರೀಫಿಲ್ ಇಲ್ಲ, ಪ್ರತಿ ಸಲ ಹೊಸ ಚೀಟಿ ಬೇಕು. ಮನೆಗೆ ತಂದಮೇಲೆ ಬೇರೆ ಕೊಡಿ ಅಂದರೆ ಆಗದು.

ಬೆಳಿಗ್ಗೆ ಮಾತ್ರೆಯನ್ನು ಇಡಿಯಾಗಿ ನುಂಗಬೇಕು, ಅಗಿಯೋ ಹಾಗಿಲ್ಲ, ಮುರಿಯೋ ಹಾಗಿಲ್ಲ. ಮಧ್ಯಾಹ್ನ ಹಸಿವೇ ಆಗೋದಿಲ್ಲ. ಅದಕ್ಕೆ ಬೆಳಿಗ್ಗೆಯೇ ಎರಡು ಅಕ್ಕಿರೊಟ್ಟಿ, ಚಟ್ನಿ, ಮೇಲೆ ತುಪ್ಪ, ನಿಧಾನವಾಗಿ ಕೂತು ತಿನ್ನುತ್ತೇನೆ. ಕಾಫಿ ಅರ್ಧ ಲೋಟಕ್ಕೆ ಇಳಿಸಿದ್ದೇನೆ, ಜಾಸ್ತಿ ಕುಡಿದರೆ ಎದೆ ಡವಡವ ಅನ್ನುತ್ತದೆ.

ಬೇರೆ ಜೆನೆರಿಕ್ ಚೆನ್ನಾಗಿ ಒಗ್ಗಿದವರೂ ಇದ್ದಾರೆ, ಅವರು ಬದಲಾಯಿಸೋ ಅಗತ್ಯವಿಲ್ಲ. ಒಗ್ಗದಿದ್ದರೆ ಎಷ್ಟು ಗಂಟೆಗೆ ಇಳಿಯುತ್ತದೆ ಅಂತ ಕೆಲವು ದಿನ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ನನ್ನ ಡಾಕ್ಟರ್ ಆ ಹಾಳೆ ನೋಡಿದ ಮೇಲೆಯೇ ಚೀಟಿಯಲ್ಲಿ ತಯಾರಕರ ಹೆಸರು ಸೇರಿಸಿದ್ದು.

ಈ ಮಾತ್ರೆಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಮಧ್ಯಾಹ್ನದ ಊಟ ಸೇರದ್ದಕ್ಕೆ.